ಕೆಂಪುಹೊಳೆಯ ಕಪ್ಪೆ ಮೇಷ್ಟರು

ಚನ್ನರಾಯಪಟ್ಟಣದ ಕಡೆ ಕಪ್ಪೆ ಎಂದರೆ ಮಳೆಯ ಮಾತು. ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ಕೆರೆಯಂಗಳದಲ್ಲಿ ಗೂಳಿಗಪ್ಪೆಗಳು ಸಂತೆ ನೆರೆಯುತ್ತವೆ. ಗಂಡುಗಳು ಅರಿಶಿನ ಮೆತ್ತಿಕೊಂಡಂತೆ ಹಳದಿಗೆ ತಿರುಗಿ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಊದಿಸಿ, ಬೆಳಗಾಗುವವರೆಗೆ ವಟಗುಟ್ಟುತ್ತವೆ. ಮಳೆ ಕೈಕೊಟ್ಟ ವರ್ಷ ಕಪ್ಪೆಗಳನ್ನು ಹಿಡಿದು ತಂದು ಬಾಸಿಂಗ ಕಟ್ಟಿ ಮದುವೆ ಮಾಡಿಸುವ ಊರುಗಳೂ ಉಂಟು. ಬಯಲುಸೀಮೆಯ ಕಪ್ಪೆಗೆ ಇಷ್ಟು ಮರ್ಯಾದೆಯಾದರೂ ಇದೆ.

ಅದೇ ಹಾಸನ ಜಿಲ್ಲೆಯ ಪಡುವಣ ಅಂಚಿಗೆ ಹೋದರೆ ಲೆಕ್ಕವೇ ಬೇರೆ. ಸಕಲೇಶಪುರದ ಮಳೆ ಚನ್ನರಾಯಪಟ್ಟಣದ ಮಳೆಯ ಸುಮಾರು ಮೂರು ಪಟ್ಟು. ಸಕಲೇಶಪುರವನ್ನು ಬಳಸಿ ಹರಿಯುವ ಹೇಮಾವತಿ ಗೊರೂರಿನ ಅಣೆಕಟ್ಟೆ ದಾಟಿ, ಹೊಳೆನರಸೀಪುರವನ್ನು ಹಾದು, ಕಾವೇರಿಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪವೇ ಪಡುವಲಿಗೆ, ಶಿರಾಡಿ ಘಾಟಿಯ ನೆತ್ತಿಯ ಆಚೆ ಬಿದ್ದ ಹನಿ ಕೆಂಪುಹೊಳೆ ಸೇರುತ್ತದೆ. ಗುಂಡ್ಯ ಹೊಳೆ, ಕುಮಾರಧಾರೆ, ನೇತ್ರಾವತಿ ಎಂದು ಹೆಸರು ಬದಲಿಸುತ್ತಾ ಅರಬ್ಬಿ ಸಮುದ್ರ ಕಾಣುತ್ತದೆ. ಒಂದೇ ಜಿಲ್ಲೆಯ ನೀರಿಗೆ ಎರಡು ಕಡಲು.

ಈ ಕೆಂಪುಹೊಳೆಯ ಹೆಸರು ಹಾಸನದ ಎಷ್ಟೋ ಜನರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಕಪ್ಪೆ ಓದುವ ವಿಜ್ಞಾನಿ ಪ್ಯಾರಿಸ್ಸಿನಲ್ಲಿರಲಿ, ಬ್ರಸೆಲ್ಸಿನಲ್ಲಿರಲಿ, ಆತನಿಗೆ ಗೊತ್ತು. ಆ ಹೆಸರನ್ನು ಲೋಕದ ವಿಜ್ಞಾನದ ಕಡತಕ್ಕೆ ಸೇರಿಸಿದವರು ಬೆಂಗಳೂರಿನ ಒಬ್ಬ ಮೇಷ್ಟರು.

ಸಿ.ಆರ್. ನಾರಾಯಣರಾವ್ (1882–1960) ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. ಅಲ್ಲಿ ಆ ವಿಭಾಗವನ್ನು ಕಟ್ಟಿ ಬೆಳೆಸಿದವರೇ ಅವರು. ಕಾಡುಪಾಪದ ಅಂಡಾಶಯದ ಮೇಲೂ ಕೆಲಸ ಮಾಡಿದ್ದಾರೆ. 1932ರಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಪತ್ರಿಕೆ ಹೊರಟಾಗ ಅದರ ಮೊದಲ ಸಂಪಾದಕರಾದವರೂ ಅವರೇ. ಪಾಠ, ಪತ್ರಿಕೆ, ಪ್ರಯೋಗಶಾಲೆ ಇಷ್ಟೂ ತಲೆಯ ಮೇಲಿದ್ದಾಗ ಅವರ ಮನಸ್ಸು ಮಾತ್ರ ಒದ್ದೆ ಕಲ್ಲಿನ ಮೇಲೆ ಕೂತ ಕಪ್ಪೆಯನ್ನು ಬಿಡಲಿಲ್ಲ.

1920ರಲ್ಲಿ ಅವರು ಕೊಡಗಿನ ಒಂದು ಇರುಳುಗಪ್ಪೆಗೆ ‘ಸ್ಯಾಂಕ್ಟಿಪಲುಸ್ಟ್ರಿಸ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಪುಣ್ಯ ಜೌಗಿನದು ಎಂದು. ಕಾವೇರಿ ಹುಟ್ಟುವ ಸೀಮೆಯ ಪವಿತ್ರ ಜೌಗುನೆಲವೇ ಆ ಜೌಗು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಇದೇ ಹೊಳೆಯ ಮೀನುಗಳನ್ನು ದೇವರ ಮೀನು ಎಂದು ಯಾರೂ ಹಿಡಿಯುವುದಿಲ್ಲ. ಅಲ್ಲಿ ಭಕ್ತರು ಮೀನಿಗೆ ಕೊಟ್ಟ ರಕ್ಷೆಯನ್ನು ಮೇಷ್ಟರು ಹೆಸರಿನ ಮೂಲಕ ಕಪ್ಪೆಗೆ ಕೊಟ್ಟರೇನೋ ಅನ್ನಿಸುತ್ತದೆ. ಅವರಿಗೆ ಆ ಉದ್ದೇಶವಿತ್ತೋ ಇಲ್ಲವೋ, ಹೆಸರಂತೂ ಚೆಂದ.

ದೊಡ್ಡ ಕೆಲಸ ಬಂದದ್ದು 1937ರಲ್ಲಿ. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹೊಸ ಕಪ್ಪೆಗಳ ಬಗ್ಗೆ ಒಂದು ಉದ್ದನೆಯ ಲೇಖನ. ಸಾಮಾನ್ಯವಾಗಿ ಒಬ್ಬ ವಿಜ್ಞಾನಿ ಜೀವಮಾನದಲ್ಲಿ ಬರೆಯುವಷ್ಟು ಕಪ್ಪೆಗಳನ್ನು ರಾಯರು ಅದೊಂದರಲ್ಲೇ ಬರೆದರು. ಸಕಲೇಶಪುರದ್ದೊಂದು, ಮೂಡಿಗೆರೆ ಕಡೆಯ ಕೊಟ್ಟಿಗೆಹಾರದ್ದೊಂದು, ಆನೆಮಲೆಯದೊಂದು. ಮತ್ತೆ ಮತ್ತೆ ಕಾಣುವ ಊರು ಮಾತ್ರ ಹಾಸನ ಜಿಲ್ಲೆಯ ಕೆಂಪುಹೊಳೆ.

ಅಲ್ಲಿಯ ಹೆಸರನ್ನೇ ಹೊತ್ತ ಕೆಂಪುಹೊಳೆ ಇರುಳುಗಪ್ಪೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಅಷ್ಟೆ. ಈ ಇರುಳುಗಪ್ಪೆಗಳ ಕುಲ ಪಶ್ಚಿಮಘಟ್ಟ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಬೆನ್ನು ಮುದುಕಿಯ ಕೆನ್ನೆಯಂತೆ ಸುಕ್ಕುಸುಕ್ಕು. ಬ್ಯಾಟರಿ ಬೆಳಕು ಬಿಟ್ಟರೆ ಕಣ್ಣಿನ ಪಾಪೆ ಇಸ್ಪೀಟಿನ ಡೈಮಂಡ್ ಆಕಾರದಲ್ಲಿ ಕಾಣುತ್ತದೆ. ಹಲವು ಜಾತಿಗಳಲ್ಲಿ ಹೆಣ್ಣು ಮೊಟ್ಟೆಯಿಡುವುದು ನೀರಿನೊಳಗಲ್ಲ, ಝರಿಯ ಮೇಲೆ ಬಾಗಿದ ಎಲೆಗೋ ಬಂಡೆಗೋ. ಮರಿ ಹೊರಬರುವ ಹೊತ್ತಿಗೆ ಲೋಳೆ ಕರಗುತ್ತದೆ, ಗೊದಮೊಟ್ಟೆ ಜಾರಿ ಕೆಳಗಿನ ನೀರಿಗೆ ಬೀಳುತ್ತದೆ. ಇದೇ ಕುಲದ ಉತ್ತರ ಕನ್ನಡದ ಒಂದು ಕಪ್ಪೆಯಂತೂ ಮುಂಗೈಯಿಂದ ಕೆಸರು ಬಾಚಿ ಮೊಟ್ಟೆಗಳಿಗೆ ಮೆತ್ತುತ್ತದೆ. ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಅದಕ್ಕೆ ‘ಕುಂಬಾರ’ ಎಂದೇ ಹೆಸರಿಟ್ಟರು. ವಿಜ್ಞಾನದ ಹೆಸರಿನಲ್ಲಿ ಅಚ್ಚ ಕನ್ನಡದ ಒಂದು ಕಸುಬು ಸೇರಿಕೊಂಡಿತು.

ಕೆಂಪುಹೊಳೆಯ ಇನ್ನೊಂದು ಕಪ್ಪೆಗೆ ರಾಯರು ‘ಎಲೆಗನ್ಸ್’ ಎಂದರು, ಅಂದರೆ ಸೊಗಸುಗಾತಿ. ಇದು ಕುಣಿಯುವ ಕಪ್ಪೆಗಳ ಬಳಗ. ಝರಿಯ ಮೊರೆತದಲ್ಲಿ ಒಂದಂಗುಲದ ಆಸುಪಾಸಿನ ಜೀವಿ ಎಷ್ಟು ಕೂಗಿದರೆ ಯಾರಿಗೆ ಕೇಳೀತು? ಹಾಗಾಗಿ ಗಂಡು ಒದ್ದೆ ಕಲ್ಲಿನ ಮೇಲೆ ಕೂತು ಒಮ್ಮೆ ಕೂಗುತ್ತದೆ, ಆಮೇಲೆ ಒಂದು ಹಿಂಗಾಲನ್ನು ನಿಧಾನವಾಗಿ ಹಿಂದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬೀಸಣಿಗೆಯಂತೆ ಬಿಚ್ಚಿ ತೋರಿಸಿ ಮತ್ತೆ ಮಡಚುತ್ತದೆ. ಪಕ್ಕದ ಕಲ್ಲಿನ ಗಂಡಿಗೆ ಅದು ಎಚ್ಚರಿಕೆ: ಈ ಕಲ್ಲು ನನ್ನದು. ಅದಕ್ಕೂ ಆತ ಜಗ್ಗದಿದ್ದರೆ ಕಾಲಿನಿಂದಲೇ ಒದ್ದು ನೀರಿಗೆ ಕೆಡವುವುದೂ ಉಂಟು. ಹೆಣ್ಣು ಹಿಂಗಾಲಿನಿಂದ ಝರಿಯ ತಳದ ಮರಳು ಕೆದರಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಕುಣಿಯುವ ಕಪ್ಪೆಯ ಗೊದಮೊಟ್ಟೆ ಮರಳಿನೊಳಗೇ ತೆವಳಿ ಬದುಕುತ್ತದೆ ಎಂಬುದು ಬಯಲಾದದ್ದು 2016ರಲ್ಲಿ. ಅಲ್ಲಿಯವರೆಗೆ ಎಲ್ಲರೂ ನೀರಿನಲ್ಲಿ ಹುಡುಕುತ್ತಿದ್ದರು.

ರಾಯರ ಕಪ್ಪೆಗಳ ಮುಂದಿನ ಕಥೆ ಅಷ್ಟು ಸುಖದ್ದಲ್ಲ.

ಹೊಸ ಜೀವಿಯೊಂದನ್ನು ವರ್ಣಿಸಿದಾಗ ವಿಜ್ಞಾನಿ ಅದರ ಒಂದು ಮಾದರಿಯನ್ನು ಗಾಜಿನ ಜಾಡಿಯಲ್ಲಿ, ಚೀಟಿ ಕಟ್ಟಿ ಉಳಿಸಬೇಕು. ಅದು ಹೊಲದ ಮೂಲೆಯ ಬಾಂದುಕಲ್ಲು ಇದ್ದ ಹಾಗೆ. ಮುಂದೆ ಯಾವ ಕಪ್ಪೆ ಯಾವುದು ಎಂಬ ತಕರಾರು ಬಂದರೆ ಎಲ್ಲರೂ ಬಂದು ನೋಡಬೇಕಾದದ್ದು ಆ ಜಾಡಿಯನ್ನೇ. ರಾಯರ ಜಾಡಿಗಳು ಸೆಂಟ್ರಲ್ ಕಾಲೇಜಿನಲ್ಲಿದ್ದವು. ಕಾಲಾಂತರದಲ್ಲಿ ಅವು ಕಳೆದುಹೋದವು. ಬಾಂದುಕಲ್ಲೇ ಇಲ್ಲದ ಮೇಲೆ ಉಳಿದದ್ದು 1937ರ ಲೇಖನದ ವರ್ಣನೆ ಮತ್ತು ಒಂದು ಹೊಳೆಯ ವಿಳಾಸ. ಅಷ್ಟರ ಮೇಲೆ ಯಾರು ಏನು ಗುರುತಿಸಬೇಕು?

ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ ಎಂದು ನಾವು ಗೇಲಿ ಮಾಡುತ್ತೇವೆ. ವರ್ಗೀಕರಣ ಮಾಡುವವರ ಪಾಡು ಅಕ್ಷರಶಃ ಅದೇ. ಒಂದನ್ನು ಒಂದು ಕುಲದಲ್ಲಿ ಕೂರಿಸುವಷ್ಟರಲ್ಲಿ ಇನ್ನೊಂದು ಹಾರುತ್ತದೆ. ಸೊಗಸುಗಾತಿಯನ್ನು ರಾಯರು ಪೊದೆಗಪ್ಪೆಗಳ ‘ಫಿಲಾಟಸ್’ ಕುಲದಲ್ಲಿ ಇಟ್ಟಿದ್ದರು. ಅದು ಈಗ ಕುಣಿಯುವ ಕಪ್ಪೆಗಳ ‘ಮಿಕ್ರಿಕ್ಸಾಲಸ್’ನಲ್ಲಿದೆ. ಎರಡೂ ಬಗೆಯ ಕಪ್ಪೆಗಳ ಬೆರಳ ತುದಿಯಲ್ಲಿ ಅಂಟುವ ಪುಟ್ಟ ತಟ್ಟೆಗಳಿರುತ್ತವೆ, ಯಾರಾದರೂ ಮೋಸ ಹೋಗಬಹುದು. ಕೆಂಪುಹೊಳೆಯ ಇರುಳುಗಪ್ಪೆಯೂ ಒಂದು ಕುಲದಿಂದ ಇನ್ನೊಂದಕ್ಕೆ ಹಾರಿದೆ. 1925ರಲ್ಲಿ ರಾಯರು ರಾಮಣ್ಣ ಎಂಬವರ ಜೊತೆ ಸೇರಿ ಕಟ್ಟಿದ ‘ರಾಮನೆಲ್ಲಾ’ ಕುಲವೇ ಈಗ ಇನ್ನೊಂದು ಕುಲದಲ್ಲಿ ಕರಗಿದೆ. ಅದರ ಜೊತೆ ಸಕಲೇಶಪುರದ ಅಮೃತಶಿಲೆ ಬಣ್ಣದ ಕಪ್ಪೆಯೂ ಹೋಯಿತು. ಡಿಎನ್ಎ ಓದುವ ಸೌಲಭ್ಯವಿಲ್ಲದ ಕಾಲದಲ್ಲಿ, ಸ್ಕೇಲು, ಭೂತಗನ್ನಡಿ ಮತ್ತು ಕಣ್ಣು ಮಾತ್ರ ನಂಬಿ ಮಾಡಿದ ಕೆಲಸ ಅದು. ಕುಲ ತಪ್ಪಿರಬಹುದು, ಇದು ಬೇರೆಯೇ ಕಪ್ಪೆ ಎಂದು ಅವರು ಹೇಳಿದ ಮಾತು ಹಲವು ಕಡೆ ನಿಂತಿದೆ ಎಂಬುದೇ ಬೆರಗು.

ನಿಂತಿದೆ ಎಂದು ತಿಳಿಯಲು ಮಾತ್ರ ಏಳು ದಶಕ ಬೇಕಾಯಿತು. ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು 2010ರಲ್ಲಿ ಕಣ್ಮರೆಯಾದ ಕಪ್ಪೆಗಳನ್ನು ಹುಡುಕುವ ದೇಶವ್ಯಾಪಿ ಅಭಿಯಾನ ಹೂಡಿದರು. ಇಂಬಳಕ್ಕೆ ರಕ್ತ ಕೊಡಲು ತಯಾರಿದ್ದವರೆಲ್ಲ ಮಳೆಗಾಲದ ರಾತ್ರಿ ಕಾಡು ಹೊಕ್ಕರು. ಮೊದಲ ಸುತ್ತಿನಲ್ಲಿ ಸಿಕ್ಕವೆಂದು ಪ್ರಕಟಿಸಿದ ಐದು ಕಪ್ಪೆಗಳಲ್ಲಿ ಎರಡು ನಾರಾಯಣರಾಯರವು: ಕೆಂಪುಹೊಳೆಯ ಸೊಗಸುಗಾತಿ ಮತ್ತು ಆನೆಮಲೆಯ ಚುಕ್ಕೆಗಪ್ಪೆ. 1937ರ ನಂತರ ಎರಡನ್ನೂ ಯಾರೂ ಕಂಡಿರಲಿಲ್ಲ. 2011ರಲ್ಲಿ ಇರುಳುಗಪ್ಪೆಗಳ ಪರಿಷ್ಕರಣೆ ಪ್ರಕಟವಾದಾಗ ಮರಳಿ ಬಂದ ಮೂರೂ ರಾಯರವೇ. ಪುಣ್ಯ ಜೌಗಿನ ಕೊಡಗಿನ ಕಪ್ಪೆ 91 ವರ್ಷಗಳ ಮೇಲೆ ಬಂತು; ಕೆಂಪುಹೊಳೆ ಇರುಳುಗಪ್ಪೆ ಮತ್ತು ಕಾಡು ಇರುಳುಗಪ್ಪೆಯೂ ಬಂದವು. ಜಾಡಿಯಲ್ಲಿದ್ದವು ಹೋಗಿದ್ದವು, ಝರಿಯಲ್ಲಿದ್ದವು ಹಾಗೇ ಇದ್ದವು.

ಈ ಕಾಡು ರಾಯರಿಗೇ ಮುಗಿಯಲಿಲ್ಲ. 1986ರಲ್ಲಿ ಫ್ರೆಂಚ್ ವಿಜ್ಞಾನಿ ಅಲೆನ್ ದ್ಯುಬುವಾ ಇಲ್ಲಿಯದೇ ಇನ್ನೊಂದು ಕಪ್ಪೆಗೆ ‘ಗುಂಡಿಯಾ’ ಎಂದು ಹೆಸರಿಟ್ಟರು. ಆ ಬಳಗದ ಗೊದಮೊಟ್ಟೆ ಕೆರೆಯಲ್ಲಿ ಈಜುವುದಿಲ್ಲ. ನೀರು ತೆಳ್ಳಗೆ ಜಿನುಗುವ ಬಂಡೆಗೆ ಅಂಟಿಕೊಂಡು ಪಾಚಿ ಕೆರೆಯುತ್ತದೆ, ಮುಟ್ಟಲು ಹೋದರೆ ಬಾಲ ಬಡಿದು ಜಿಗಿಯುತ್ತದೆ. ಇಂಥ ಕಣಿವೆಗೆ 200 ಮೆಗಾವಾಟ್‌ನ ಗುಂಡ್ಯ ಜಲವಿದ್ಯುತ್ ಯೋಜನೆ ಬಂದಾಗ, ಮಾಧವ ಗಾಡ್ಗೀಳರ ಸಮಿತಿ 2011ರ ವರದಿಯಲ್ಲಿ ಅದು ಬೇಡ ಎಂದಿತು. ಜಿನುಗುವ ಬಂಡೆ ಒಣಗಿದರೆ ಅದರ ಮೇಲಿನ ಗೊದಮೊಟ್ಟೆಗೆ ಬೇರೆ ಮನೆಯಿಲ್ಲ.

ರಾಯರ ಹೆಸರು ಉಳಿದ ಬಗೆ ಇನ್ನೂ ಸ್ವಾರಸ್ಯದ್ದು. 2010ರಲ್ಲಿ ಬಿಜು ಮತ್ತು ಸಂಗಡಿಗರು ಆನೆಮುಡಿ ಶಿಖರದ ಕಿತ್ತಳೆ ಬಣ್ಣದ ಕಪ್ಪೆಯೊಂದನ್ನು ವರ್ಣಿಸುತ್ತಾ ಪೊದೆಗಪ್ಪೆಗಳಿಗೆ ಹೊಸ ಕುಲ ಕಟ್ಟಿ ‘ರಾವೋರ್ಕೆಸ್ಟಿಸ್’ ಎಂದು ಕರೆದರು. ಅದರ ಮೊದಲ ತುಂಡು ನಮ್ಮ ರಾಯರು. ಆ ಲೇಖನ ಅಚ್ಚಾದದ್ದು ‘ಕರೆಂಟ್ ಸೈನ್ಸ್’ನಲ್ಲಿ, 78 ವರ್ಷಗಳ ಹಿಂದೆ ಮೇಷ್ಟರೇ ಸಂಪಾದಕರಾಗಿ ಹೊರಡಿಸಿದ ಪತ್ರಿಕೆಯಲ್ಲಿ.

ಆ ಕುಲದಲ್ಲಿ ಈಗ 70ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಿಗೆ ಗೊದಮೊಟ್ಟೆಯ ಗೊಡವೆಯೇ ಇಲ್ಲ. ಎಲೆಗೋ ತರಗಿನಡಿಗೋ ಇಟ್ಟ ಮೊಟ್ಟೆಯೊಳಗೇ ಬಾಲ ಬೆಳೆದು ಕರಗಿ, ಅಕ್ಕಿಕಾಳಿನಷ್ಟು ಕಪ್ಪೆ ನೇರ ಹೊರಗೆ ಬರುತ್ತದೆ. ಕೆರೆ ಬೇಡ, ಹೊಳೆ ಬೇಡ, ಎಲೆ ಒದ್ದೆಯಿದ್ದರೆ ಸಾಕು. ಸಕಲೇಶಪುರದ ಕಾಫಿ ತೋಟದಲ್ಲಿ ಮಳೆ ಹಿಡಿದ ಸಂಜೆ ದೀಪ ಹಚ್ಚುವ ಹೊತ್ತಿಗೆ ಗಿಡಗಳ ಒಳಗಿಂದ ಯಾರೋ ಉಗುರಲ್ಲಿ ಬೆಂಕಿಪೊಟ್ಟಣ ಕುಟ್ಟಿದಂತೆ ಟಿಕ್ ಟಿಕ್ ಟಿಕ್ ಕೇಳುತ್ತದೆ. ಬ್ಯಾಟರಿ ಹಿಡಿದು ಎಲೆ ಸರಿಸಿದರೆ ಗಪ್‌ಚಿಪ್. ಹುಡುಕುವವರು ಬಗ್ಗಿ ಕಾದಿರುವಾಗಲೇ ಸದ್ದು ಪಕ್ಕದ ಗಿಡದಿಂದ ಶುರುವಾಗುತ್ತದೆ.