ನಿಯಂತ್ರಕಗಳ ನಡುವಣ ಸಂದೇಶ: ಕಲಬುರಗಿ-ಕಮಲಾಪುರದ ನೀರಿನ ಹಿನ್ನೆಲೆಯಲ್ಲಿ

ಕಲಬುರಗಿ ಜಿಲ್ಲೆಯ ಕೈಗಾರಿಕೆಯೆಂದೊಡನೆ ನೆನಪಾಗುವುದು ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳು. ಆದರೆ ದೂರದೂರದ ನಿಯಂತ್ರಕ ಯಂತ್ರಗಳು ಪರಸ್ಪರ ಸಂದೇಶ ಕಳುಹಿಸಬೇಕಾದ ಅಗತ್ಯವನ್ನು ಕುಡಿಯುವ ನೀರಿನಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸದು. ವಿಶ್ವಬ್ಯಾಂಕಿನ ನೆರವಿಗೆ ೨೦೦೪ರಲ್ಲಿ ಮಂಜೂರಾತಿ ಪಡೆದ ಯೋಜನೆಯಡಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳೊಡನೆ ಅಂದಿನ ಗುಲಬರ್ಗಾದ ಆಯ್ದ ಬಡಾವಣೆಗಳಿಗೂ ದಿನದ ೨೪ ಗಂಟೆ ನೀರೊದಗಿಸುವ ಪ್ರಯೋಗ ನಡೆಯಿತು. ನಗರಕ್ಕೆ ಭೀಮಾ, ಬೆಣ್ಣೆತೊರೆ ಎರಡೂ ಆಸರೆ; ಕಮಲಾಪುರದ ಹೆದ್ದಾರಿಯು ಕುರಿಕೋಟಾ ಬಳಿ ಬೆಣ್ಣೆತೊರೆಯನ್ನು ದಾಟುತ್ತದೆ.

ನಿದರ್ಶನಕ್ಕಾಗಿ, ನದಿದಡದಲ್ಲಿ ಪಂಪಿನ ನಿಯಂತ್ರಕವೊಂದು, ನಗರದ ಮೇಲ್ತೊಟ್ಟಿಯಲ್ಲಿ ಮತ್ತೊಂದು ಇವೆಯೆಂದು ಭಾವಿಸೋಣ. ತೊಟ್ಟಿಯ ಮಟ್ಟವನ್ನು ಅರಿಯದೆ ಪಂಪು ನಿಲ್ಲದು. ಎರಡೂ ಬೇರೆ ಬೇರೆ ಜಾಲಗಳಲ್ಲಿದ್ದರೆ ನಡುವೆ ಗೇಟ್‌ವೇ ಬೇಕು. ಮಾಡಿಕಾನ್ ಸಂಸ್ಥೆಯು ೧೯೭೯ರಲ್ಲಿ ರೂಪಿಸಿದ ಮಾಡ್‌ಬಸ್ ಇಂದಿಗೂ ಬಳಕೆಯಲ್ಲಿರುವ ಸಂದೇಶಕ್ರಮ. ಯಾವ ಯಂತ್ರ, ಯಾವ ರಿಜಿಸ್ಟರ್, ಎಷ್ಟು ರಿಜಿಸ್ಟರ್ ಎಂಬುದನ್ನು ಕೇಳುವ ಯಂತ್ರವೇ ನಮೂದಿಸಬೇಕು. ಕೈಪಿಡಿಯಲ್ಲಿ ೪೦೦೦೧ ಎಂದು ಮುದ್ರಿತವಾದ ರಿಜಿಸ್ಟರಿನ ವಿಳಾಸವು ಸಂದೇಶದೊಳಗೆ ಸೊನ್ನೆಯಾಗಿರುತ್ತದೆ. ಹೊಸಬರು ಎಡವುವುದು ಇಲ್ಲಿಯೇ.

ಇದಕ್ಕಿಂತ ಅಪಾಯಕರವಾದುದು ಪದಗಳ ಅನುಕ್ರಮ. ಒಂದು ರಿಜಿಸ್ಟರಿಗೆ ೧೬ ಬಿಟ್‌ಗಳಷ್ಟೇ ಸ್ಥಳ. ದಶಮಾಂಶವುಳ್ಳ ಸಂಖ್ಯೆಗೆ ಸಾಮಾನ್ಯವಾಗಿ ೩೨ ಬಿಟ್‌ಗಳು ಬೇಕಾಗುವುದರಿಂದ ಅದು ಎರಡು ರಿಜಿಸ್ಟರುಗಳಲ್ಲಿ ಹಂಚಿಹೋಗುತ್ತದೆ. ಯಾವ ಅರ್ಧ ಮೊದಲು ಎಂಬುದನ್ನು ಮಾಡ್‌ಬಸ್ ವಿಧಿಸಿಲ್ಲ. ತೊಟ್ಟಿಯಲ್ಲಿ ೨.೫ ಮೀಟರ್ ನೀರಿದ್ದು, ಅರ್ಧಗಳು ಅದಲುಬದಲಾದರೆ ಪಂಪಿನ ನಿಯಂತ್ರಕವು ಓದುವುದು ಸೊನ್ನೆಯೆನ್ನಬಹುದಾದಷ್ಟು ಕಿರಿದಾದ ಸಂಖ್ಯೆಯನ್ನು. ದೋಷಸೂಚನೆ ಯಾವುದೂ ಬಾರದು. ತೊಟ್ಟಿ ಬರಿದಾಗಿದೆಯೆಂದೇ ತಿಳಿದು ಪಂಪು ಓಡುತ್ತಲೇ ಇರುತ್ತದೆ, ಬೇಸಿಗೆಯ ನೀರು ಚರಂಡಿಯ ಪಾಲಾಗುತ್ತದೆ. ಆದುದರಿಂದ ಜೋಡಣೆಯ ದಿನ ಗೊತ್ತಿರುವ ಒಂದು ಸಂಖ್ಯೆಯನ್ನು ಕಳುಹಿಸಿ ಪರೀಕ್ಷಿಸುವುದು ಅವಶ್ಯ.

ಕಾಲಾವಧಿಯ ವಿಷಯ ಅಷ್ಟು ಜಟಿಲವಲ್ಲ. ಸೆಕೆಂಡಿಗೆ ೯೬೦೦ ಬಿಟ್ ವೇಗದ ತಂತಿಯಲ್ಲಿ ಎರಡು ರಿಜಿಸ್ಟರುಗಳ ಪ್ರಶ್ನೋತ್ತರಕ್ಕೆ ಹಿಡಿಯುವುದು ಸುಮಾರು ೨೦ ಮಿಲಿಸೆಕೆಂಡು. ಯಂತ್ರದ ವಿಳಂಬ ಅದರ ಮೇಲೆ. ಕೇಳುವ ಯಂತ್ರದ ತಾಳ್ಮೆ ಗೇಟ್‌ವೇಯ ತಾಳ್ಮೆಗಿಂತ ಹೆಚ್ಚಿರಬೇಕು. ಇಲ್ಲವಾದರೆ ತಡವಾಗಿ ಬಂದ ಉತ್ತರಕ್ಕೆ ವಾರಸುದಾರರೇ ಇರುವುದಿಲ್ಲ.

ಉತ್ತರ ಬಾರದೆ ಹೋದಾಗ ಸ್ಮೃತಿಯಲ್ಲಿ ಹಳೆಯ ಮಟ್ಟವೇ ಉಳಿದು ಹೊಸದರಂತೆ ತೋರುವುದುಂಟು. ಇದಕ್ಕಾಗಿ ತೊಟ್ಟಿಯ ನಿಯಂತ್ರಕವು ಪ್ರತಿ ಸೆಕೆಂಡಿಗೆ ಏರುವ ಎಣಿಕೆಯೊಂದನ್ನು ಮಟ್ಟದ ಜೊತೆಗೇ ಕಳುಹಿಸುವ ಪರಿಪಾಠವಿದೆ. ಎಣಿಕೆ ನಿಂತರೆ ಸಂಪರ್ಕ ಕಡಿದಿದೆಯೆಂದೇ ಅರ್ಥ. ಆಗ ಪಂಪು ನಿಂತರೆ ಬಡಾವಣೆಗೆ ನೀರಿಲ್ಲ, ಓಡಿದರೆ ತೊಟ್ಟಿ ತುಂಬಿ ಹರಿದೀತು. ಎರಡರಲ್ಲಿ ಯಾವುದು ಸಹ್ಯವೆಂಬುದನ್ನು ತಂತ್ರಜ್ಞನೊಬ್ಬನೇ ನಿರ್ಣಯಿಸುವುದು ಉಚಿತವಲ್ಲ. ನೀರು ಹಂಚುವವರು ಅದನ್ನು ಮೊದಲೇ ಬರಹದಲ್ಲಿ ಕೊಟ್ಟಿರಬೇಕು.