ಮನೆಯ ಏರ್‌ಗನ್: ಕಾನೂನಿನ ಮಿತಿಯೂ ಕಣ್ಣಿನ ರಕ್ಷಣೆಯೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ದ್ರಾಕ್ಷಿ, ಮಾವು, ಟೊಮೆಟೊ ಮುಂತಾದ ಬೆಳೆಗಳನ್ನು ಶ್ರಮವಹಿಸಿ ಬೆಳೆಯುವ ಕುಟುಂಬಗಳು ಅನೇಕ. ಫಸಲು ಕೈಗೆ ಬರುವ ಹೊತ್ತಿಗೆ ಹಕ್ಕಿಗಳ ಮತ್ತು ಕೋತಿಗಳ ಕಾಟವೂ ಆರಂಭವಾಗುತ್ತದೆ. ಅವನ್ನು ಬೆದರಿಸಲೆಂದು ಏರ್‌ಗನ್ ಕೊಂಡು ತರುವವರುಂಟು. ಗುರಿ ಹೊಡೆಯುವ ಅಭ್ಯಾಸಕ್ಕೆಂದು ತರುವವರೂ ಉಂಟು. “ಇದಕ್ಕೆ ಲೈಸೆನ್ಸ್ ಬೇಡ, ಆದುದರಿಂದ ಅಪಾಯವೂ ಇಲ್ಲ” ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತಿನ ಮೊದಲ ಭಾಗ ಒಂದು ಮಿತಿಯವರೆಗೆ ಮಾತ್ರ ನಿಜ. ಎರಡನೆಯ ಭಾಗ ಸಂಪೂರ್ಣ ತಪ್ಪು. ಇವೆರಡನ್ನೂ ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಕಾನೂನಿನ ಮಿತಿ ಯಾವುದು?

ನಮ್ಮ ದೇಶದಲ್ಲಿ ಆಯುಧಗಳನ್ನು 1959ರ ಆಯುಧ ಅಧಿನಿಯಮವೂ 2016ರ ಆಯುಧ ನಿಯಮಗಳೂ ನಿಯಂತ್ರಿಸುತ್ತವೆ. ಇವುಗಳ ಪ್ರಕಾರ ಏರ್‌ಗನ್ನಿಗೆ ಎರಡು ಮಿತಿಗಳಿವೆ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರನ್ನು, ಅಂದರೆ 0.177 ಅಂಗುಲವನ್ನು ಮೀರಬಾರದು. ನಳಿಗೆಯ ಬಾಯಿಂದ ಹೊರಬೀಳುವ ಗುಂಡಿನ ಶಕ್ತಿ 20 ಜೂಲ್‌ಗಳನ್ನು ಮೀರಬಾರದು. ಇವೆರಡರಲ್ಲಿ ಒಂದನ್ನು ಮೀರಿದರೂ ಆ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಅಂತಹುದನ್ನು ಇಟ್ಟುಕೊಳ್ಳುವುದು ಅಪರಾಧ. 5.5 ಮಿಲಿಮೀಟರ್ ನಳಿಗೆಯ ಏರ್‌ಗನ್ ಎಷ್ಟೇ ದುರ್ಬಲವಾಗಿದ್ದರೂ ಮಿತಿಯಿಂದ ಹೊರಗೆಂದೇ ತಿಳಿಯಬೇಕು.

20 ಜೂಲ್ ಎಂದರೆ ಎಷ್ಟು? ಒಂದು ಕಿಲೋಗ್ರಾಂ ತೂಕದ ಬಟ್ಟನ್ನು ಎರಡು ಮೀಟರ್ ಎತ್ತರದಿಂದ ಕೈಬಿಟ್ಟರೆ ಅದು ನೆಲಕ್ಕೆ ಬಡಿಯುವಾಗ ಇರುವ ಶಕ್ತಿ ಸುಮಾರು ಅಷ್ಟು. ಅಷ್ಟೂ ಶಕ್ತಿ ಮೆಣಸಿನ ಕಾಳಿನಷ್ಟು ಅಗಲದ ಸೀಸದ ತುದಿಯಲ್ಲಿ ಒಟ್ಟುಗೂಡಿದರೆ ಏನಾದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಶಕ್ತಿಯನ್ನು ಲೆಕ್ಕಹಾಕುವುದು ಹೇಗೆ?

ಇದಕ್ಕೆ ಗುಂಡಿನ ತೂಕ ಮತ್ತು ವೇಗ ಎರಡೂ ಗೊತ್ತಿರಬೇಕು. ತೂಕವು ಸಾಮಾನ್ಯವಾಗಿ ಗುಂಡಿನ ಡಬ್ಬಿಯ ಮೇಲೆ ಮುದ್ರಿತವಾಗಿರುತ್ತದೆ. ವೇಗವನ್ನು ಕ್ರೋನೋಗ್ರಾಫ್ ಎಂಬ ಯಂತ್ರದಿಂದ ಅಳೆಯಬೇಕು. ಗ್ರಾಂಗಳಲ್ಲಿರುವ ತೂಕವನ್ನು ಸೆಕೆಂಡಿಗೆ ಮೀಟರುಗಳಲ್ಲಿರುವ ವೇಗದಿಂದ ಎರಡು ಸಲ ಗುಣಿಸಿ, ಬಂದುದನ್ನು 2000ದಿಂದ ಭಾಗಿಸಿದರೆ ಜೂಲ್‌ಗಳು ದೊರೆಯುತ್ತವೆ.

ಅರ್ಧ ಗ್ರಾಂ ತೂಕದ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 10 ಜೂಲ್. ಅದೇ ಗುಂಡು 300 ಮೀಟರ್ ವೇಗದಲ್ಲಿ ಹೊರಟರೆ 22.5 ಜೂಲ್. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಶಕ್ತಿ ಎರಡು ಪಟ್ಟಿಗಿಂತಲೂ ಮಿಗಿಲಾಗಿ ಹೆಚ್ಚುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ಜಾಹೀರಾತುಗಳಲ್ಲಿ ವೇಗವನ್ನು ಮಾತ್ರ ಹೇಳುವುದುಂಟು. “ಸೆಕೆಂಡಿಗೆ 1000 ಅಡಿ” ಎಂದರೆ ಸುಮಾರು 305 ಮೀಟರ್. 0.35 ಗ್ರಾಂನ ಹಗುರ ಗುಂಡಿಗೆ ಈ ವೇಗವಿದ್ದರೆ ಶಕ್ತಿ ಸುಮಾರು 16 ಜೂಲ್, ಅಂದರೆ ಮಿತಿಯೊಳಗೆ. ಅರ್ಧ ಗ್ರಾಂನ ಗುಂಡಿಗೆ ಅದೇ ವೇಗವಿದ್ದರೆ ಸುಮಾರು 23 ಜೂಲ್, ಅಂದರೆ ಮಿತಿಯ ಹೊರಗೆ. ಆದುದರಿಂದ ವೇಗವೊಂದನ್ನೇ ನೋಡಿ ಕೊಳ್ಳಬೇಡಿ. ಶಕ್ತಿ ಎಷ್ಟು ಜೂಲ್ ಎಂಬುದನ್ನು ಅಂಗಡಿಯವರಿಂದ ಬರೆಸಿಕೊಂಡು, ರಸೀದಿಯೊಡನೆ ಜೋಪಾನವಾಗಿಡಿ.

ಮಿತಿ ಮೀರುವುದು ಹೇಗೆ?

ಕೊಂಡಾಗ ಮಿತಿಯೊಳಗಿದ್ದ ಏರ್‌ಗನ್ ಅನಂತರ ಮಿತಿ ಮೀರುವುದು ಬಹುಮಟ್ಟಿಗೆ ಮನುಷ್ಯನ ಕೈವಾಡದಿಂದಲೇ. ಹಳೆಯ ಸ್ಪ್ರಿಂಗನ್ನು ತೆಗೆದು ಹೆಚ್ಚು ಬಿಗಿಯಾದ ಸ್ಪ್ರಿಂಗನ್ನು ಹಾಕಿಸುವುದು ಒಂದು ವಿಧ. ಗಾಳಿ ತುಂಬಿಡುವ ಮಾದರಿಗಳಲ್ಲಿ ಒತ್ತಡದ ತಿರುಪನ್ನು ಏರಿಸುವುದು ಇನ್ನೊಂದು ವಿಧ. ಮೂರನೆಯದು ಅನೇಕರಿಗೆ ತಿಳಿಯದು. ಗಾಳಿ ಒತ್ತಲ್ಪಡುವ ಕೊಳವೆಯೊಳಗೆ ಎಣ್ಣೆ ಬಿದ್ದರೆ, ಒತ್ತಡದಿಂದ ಹುಟ್ಟುವ ಶಾಖಕ್ಕೆ ಆ ಎಣ್ಣೆಯ ಆವಿ ಹೊತ್ತಿಕೊಂಡು ಗುಂಡಿಗೆ ಅನಿರೀಕ್ಷಿತ ವೇಗ ಬರುತ್ತದೆ; ಉಪಕರಣವೂ ಕೆಡುತ್ತದೆ. ಆದುದರಿಂದ ತಯಾರಕರು ಸೂಚಿಸಿದ ಎಣ್ಣೆಯನ್ನು ಸೂಚಿಸಿದ ಜಾಗಕ್ಕೆ ಮಾತ್ರ, ಅಷ್ಟೇ ಪ್ರಮಾಣದಲ್ಲಿ ಹಾಕಬೇಕು. ಸ್ಪ್ರಿಂಗನ್ನು ಬದಲಿಸಬೇಕಾಗಿ ಬಂದರೆ ಮೊದಲಿನ ಬಲದ್ದನ್ನೇ ಹಾಕಿಸಿ, ಬಳಿಕ ವೇಗವನ್ನು ಮತ್ತೊಮ್ಮೆ ಅಳೆಯಿಸಬೇಕು.

ಹೆಚ್ಚು ಬಲವಿದ್ದರೆ ಹೆಚ್ಚು ಗುರಿ ಎಂಬುದೂ ಸರಿಯಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನದ ಪದಕ ಪಡೆದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಆ ಸ್ಪರ್ಧೆಯ ರೈಫಲ್‌ಗಳ ಶಕ್ತಿ ಸಾಮಾನ್ಯವಾಗಿ 7ರಿಂದ 8 ಜೂಲ್ ಮಾತ್ರ.

ಮಿತಿಯೊಳಗಿದ್ದರೆ ಅಪಾಯವಿಲ್ಲವೇ?

ಇದೆ. ಈ ಲೇಖನದ ಮುಖ್ಯ ವಿಷಯವೇ ಇದು. ಕಾನೂನಿನ ಮಿತಿ ಹೇಳುವುದು ಲೈಸೆನ್ಸ್ ಬೇಕೇ ಬೇಡವೇ ಎಂಬುದನ್ನು. ಶರೀರಕ್ಕೆ ಪೆಟ್ಟಾಗುವುದೇ ಇಲ್ಲವೇ ಎಂಬುದನ್ನಲ್ಲ. ಸೆಕೆಂಡಿಗೆ ಸುಮಾರು 100 ಮೀಟರ್ ವೇಗದ 4.5 ಮಿಲಿಮೀಟರ್ ಗುಂಡು ಮನುಷ್ಯನ ಚರ್ಮವನ್ನು ಭೇದಿಸಬಲ್ಲುದು. ಕಣ್ಣುಗುಡ್ಡೆಯನ್ನು ಭೇದಿಸಲು ಸುಮಾರು 40 ಮೀಟರ್ ವೇಗವೇ ಸಾಕು. ಮಿತಿಯ ಅಂಚಿನಲ್ಲಿರುವ ಏರ್‌ಗನ್ನಿನಿಂದ ಅರ್ಧ ಗ್ರಾಂನ ಗುಂಡು ಸುಮಾರು 280 ಮೀಟರ್ ವೇಗದಲ್ಲಿ ಹೊರಡುತ್ತದೆ. ಐವತ್ತು ಮೀಟರ್ ದೂರ ಸಾಗಿದ ಮೇಲೂ ಅದು ಚರ್ಮವನ್ನು ಭೇದಿಸುವಷ್ಟು ವೇಗದಲ್ಲಿಯೇ ಇರುತ್ತದೆ.

2025ರ ಸೆಪ್ಟೆಂಬರ್ ತಿಂಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ, ಕೋತಿಗಳನ್ನು ಓಡಿಸಲು ಬಳಸುತ್ತಿದ್ದ ಏರ್‌ಗನ್ನಿನಿಂದ ಆಕಸ್ಮಿಕವಾಗಿ ಗುಂಡು ಹಾರಿ 9 ವರ್ಷದ ಬಾಲಕನೊಬ್ಬನು ಮೃತಪಟ್ಟನು. ಬೆಳೆಯ ರಕ್ಷಣೆಗೆಂದು ತಂದ ವಸ್ತು ಮಗುವಿನ ಪ್ರಾಣವನ್ನೇ ತೆಗೆದುಕೊಂಡಿತು. ಏರ್‌ಗನ್ ಆಟಿಕೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

1. ಏರ್‌ಗನ್ನನ್ನು ಗುಂಡು ತೆಗೆದು, ಸ್ಪ್ರಿಂಗ್ ಸಡಿಲವಿರುವ ಸ್ಥಿತಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಗುಂಡುಗಳನ್ನು ಬೇರೆಡೆ ಬೀಗದೊಳಗಿಡಿ. ಬಾಗಿಲ ಹಿಂದೆ ಒರಗಿಸಿಡುವುದು, ಅಟ್ಟದ ಮೇಲೆ ಎಸೆದಿಡುವುದು, ಕಾವಲು ಗುಡಿಸಿಲಿನಲ್ಲಿ ಬಿಟ್ಟುಬರುವುದು ಸಲ್ಲದು.

2. ಗುಂಡು ಇಲ್ಲವೆಂದು ಖಚಿತವಿದ್ದರೂ ನಳಿಗೆಯನ್ನು ಯಾರ ಕಡೆಗೂ ತಿರುಗಿಸಬೇಡಿ. ಹೊಡೆಯುವ ಕ್ಷಣದವರೆಗೆ ಬೆರಳನ್ನು ಕುದುರೆಯ ಮೇಲಿಡಬೇಡಿ.

3. ಹಿರಿಯರು ಪಕ್ಕದಲ್ಲಿಲ್ಲದೆ ಮಕ್ಕಳು ಅದನ್ನು ಮುಟ್ಟಕೂಡದು. ಅಭ್ಯಾಸದ ವೇಳೆ ಹೊಡೆಯುವವರೂ ನೋಡುವವರೂ ರಕ್ಷಕ ಕನ್ನಡಕ ಧರಿಸಬೇಕು.

4. ಗುರಿಯ ಹಿಂದೆ ಮರಳು ತುಂಬಿದ ಚೀಲಗಳಿರಲಿ. ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೋ ಬಂಡೆಗೋ ಬಡಿದ ಗುಂಡು ಸಿಡಿದು, ಹೊಡೆದವನ ಮುಖಕ್ಕೇ ಹಿಂದಿರುಗಬಹುದು.

5. ಗುಂಡುಗಳು ಸೀಸದವು. ಅವನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಬೇಡ. ಬಳಸಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸವು ವಿಶೇಷವಾಗಿ ಹಾನಿಕರ.

ಬೆಳೆಯ ರಕ್ಷಣೆಗೆ ಬೇರೆ ದಾರಿ

1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ರಕ್ಷಿತ ಪ್ರಾಣಿಪಕ್ಷಿಗಳನ್ನು ಗಾಯಗೊಳಿಸುವುದೂ ಬೇಟೆಯೆಂದೇ ಪರಿಗಣಿತವಾಗುತ್ತದೆ. ನವಿಲು ಮತ್ತು ಗಿಳಿಗಳು ರಕ್ಷಿತ ಪಕ್ಷಿಗಳು. ಏರ್‌ಗನ್ ಮಿತಿಯೊಳಗಿದೆಯೆಂಬ ಕಾರಣಕ್ಕೆ ಅವುಗಳ ಮೇಲೆ ಗುಂಡು ಹಾರಿಸಲು ಯಾರಿಗೂ ಅನುಮತಿಯಿಲ್ಲ. ಚಪ್ಪರದ ಮೇಲೆ ಬಲೆ ಹೊದಿಸುವುದು, ಹೊಳೆಯುವ ಪಟ್ಟಿಗಳನ್ನು ಕಟ್ಟುವುದು, ತಗಡು ಬಡಿಯುವುದು, ಬೆದರುಬೊಂಬೆಯನ್ನು ಆಗಾಗ ಸ್ಥಳ ಬದಲಿಸಿ ನಿಲ್ಲಿಸುವುದು ಇವೇ ಮೊದಲಾದ ಕ್ರಮಗಳಿಂದ ಫಸಲೂ ಉಳಿಯುತ್ತದೆ, ಮನೆಯವರ ಕಣ್ಣೂ ಉಳಿಯುತ್ತದೆ.

ಗಾಯವಾದರೆ ಏನು ಮಾಡಬೇಕು?

ಕಣ್ಣಿಗೆ ಗುಂಡು ತಗಲಿದರೆ ಕಣ್ಣನ್ನು ಉಜ್ಜಬೇಡಿ, ಒತ್ತಬೇಡಿ, ನೀರಿನಿಂದ ತೊಳೆಯಬೇಡಿ. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಯಾವುದನ್ನೂ ಹಾಕಬೇಡಿ. ಒಳಗಿರುವ ಗುಂಡನ್ನು ತೆಗೆಯಲು ಯತ್ನಿಸಬೇಡಿ. ಕಾಗದದ ಲೋಟದ ತಳಭಾಗವನ್ನು ಕಣ್ಣಿಗೆ ತಾಗದಂತೆ ಮುಚ್ಚಳವಾಗಿಟ್ಟು, ಅಂಚನ್ನು ಹಣೆ ಮತ್ತು ಕೆನ್ನೆಯ ಮೂಳೆಗೆ ಅಂಟಿಸಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ಕಾರಣ ಆಹಾರ, ಪಾನೀಯ ಕೊಡಬೇಡಿ. 108ಕ್ಕೆ ಕರೆಮಾಡಿ ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಹೆಚ್ಚಿನ ಚಿಕಿತ್ಸೆ ಬೇಕಾದಲ್ಲಿ ವೈದ್ಯರು ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು.

ಎದೆ, ಹೊಟ್ಟೆ, ಕುತ್ತಿಗೆ ಅಥವಾ ತಲೆಗೆ ಗುಂಡು ತಗಲಿದರೆ, ಹೊರಗೆ ಕಾಣುವ ಗಾಯ ಸೂಜಿಮೊನೆಯಷ್ಟೇ ಚಿಕ್ಕದಾಗಿದ್ದರೂ ಒಳಗಿನ ಅಂಗಕ್ಕೆ ಘಾಸಿಯಾಗಿರಬಹುದು. ರಕ್ತ ಒಸರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಅದುಮಿ ಹಿಡಿದು, ತಡಮಾಡದೆ ಆಸ್ಪತ್ರೆಗೆ ಸೇರಿಸಿರಿ. ನಡೆದುದನ್ನು ವೈದ್ಯರಿಗೆ ಮುಚ್ಚಿಡಬೇಡಿ. “ಬಿದ್ದು ಗಾಯವಾಯಿತು” ಎಂದು ಹೇಳಿದರೆ ಎಕ್ಸ್-ರೇ ತೆಗೆಯುವುದು ತಡವಾಗಿ ಗುಂಡು ಒಳಗೇ ಉಳಿಯಬಹುದು. ಧನುರ್ವಾಯು ಚುಚ್ಚುಮದ್ದಿನ ಬಗೆಗೆ ವೈದ್ಯರನ್ನು ವಿಚಾರಿಸಿರಿ.

ತಾಯ್ತಂದೆಯರೇ, ನಿಮ್ಮ ಮನೆಯಲ್ಲಿ ಏರ್‌ಗನ್ ಇದ್ದರೆ ಇಂದೇ ಮೂರು ವಿಷಯಗಳನ್ನು ಪರೀಕ್ಷಿಸಿರಿ: ನಳಿಗೆಯ ಅಳತೆ 4.5 ಮಿಲಿಮೀಟರ್ ಆಗಿದೆಯೇ, ಶಕ್ತಿ 20 ಜೂಲ್‌ಗಳ ಒಳಗಿದೆಯೇ, ಬೀಗದ ಕೈ ನಿಮ್ಮ ಬಳಿ ಇದೆಯೇ. ಮೊದಲಿನ ಎರಡರಿಂದ ನೀವು ಕಾನೂನನ್ನು ಪಾಲಿಸಿದಂತಾಗುತ್ತದೆ. ಮೂರನೆಯದರಿಂದ ನಿಮ್ಮ ಮಕ್ಕಳನ್ನು ಕಾಪಾಡಿದಂತಾಗುತ್ತದೆ.