ಪ್ಲೇ ಹುಡುಕುವ ಕೈ

ಹುಬ್ಬಳ್ಳಿಯಿಂದ ದಾವಣಗೆರೆ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಪಂಕ್ಚರ್ ಅಂಗಡಿ, ಪಾಟಾ (ಲೀಫ್ ಸ್ಪ್ರಿಂಗ್) ಅಂಗಡಿ, ಬಾಡಿ ಕಟ್ಟುವವರ ಶೆಡ್ಡುಗಳ ನಡುವೆ, ಲಾರಿಯ ಮುಂಭಾಗದ ಕೆಲಸವನ್ನಷ್ಟೇ ಮಾಡುವ ಮಿಸ್ತ್ರಿಗಳು ಸಿಗುತ್ತಾರೆ. ಅವರು ಎಂಜಿನ್ ಬಿಚ್ಚುವುದಿಲ್ಲ, ಗೇರ್‌ಬಾಕ್ಸ್ ಮುಟ್ಟುವುದಿಲ್ಲ. ಸ್ಟೇರಿಂಗ್‌ನಿಂದ ಮುಂದಿನ ಎರಡು ಟೈರುಗಳವರೆಗೆ ಏನಿದೆಯೋ ಅಷ್ಟೇ ಅವರ ಕಸುಬು. ಹಳೆಯ ಲಾರಿ ಓಡಿಸುವವರು ದೂರದೂರಿನಿಂದ ಇವರನ್ನು ಹುಡುಕಿಕೊಂಡು ಬರುತ್ತಾರೆ.

ಬರುವ ದೂರುಗಳು ಬಹುಪಾಲು ನಾಲ್ಕೇ. “ಗಾಡಿ ಎಡಕ್ಕ ಎಳಿಯಾಕತ್ತೈತ್ರಿ.” “ಐವತ್ತರ ಮ್ಯಾಲ ಹೋದ್ರ ಸ್ಟೇರಿಂಗ್ ನಡಗತೈತ್ರಿ.” “ತಿರುವಿದ್ರ ವಾಪಸ್ ಬರವಲ್ದು.” “ಹೊಸಾ ಟೈರ್ ತಿಂದ್ ಹಾಕೇತ್ರಿ.” ದೂರು ನಾಲ್ಕಾದರೂ ಕಾರಣಗಳು ಹತ್ತಾರು, ಒಂದೇ ಕಾರಣ ನಾಲ್ಕು ದೂರುಗಳನ್ನೂ ಹುಟ್ಟಿಸುವುದುಂಟು. ಹಾಗಾಗಿ ಈ ಕಸುಬಿನ ಜೀವ ರಿಪೇರಿಗಿಂತ ಹೆಚ್ಚಾಗಿ ಪತ್ತೆಯಲ್ಲಿದೆ. ಪತ್ತೆಯಾಗುವ ಮುನ್ನವೇ ಪಾರ್ಟ್ ಬದಲಿಸಿದವನು ಮಾಲೀಕನ ದುಡ್ಡು ಕಳೆಯುತ್ತಾನೆ, ಡ್ರೈವರ್‌ನ ಪ್ರಾಣವನ್ನೂ ಅಪಾಯಕ್ಕೆ ಒಡ್ಡುತ್ತಾನೆ.

ಈ ಲಾರಿಗಳ ಮೂಲ ಹಳೆಯದು. ಟಾಟಾದವರ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಕೆ ಶುರು ಮಾಡಿದ್ದು 1954ರಲ್ಲಿ. ಮರುವರ್ಷ ಮದ್ರಾಸಿನ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಯಿತು. ಅಂದಿನ ಮುಂಭಾಗದ ರಚನೆ ಇಂದಿನ ಭಾರಿ ಲಾರಿಗಳಲ್ಲೂ ಬಹುಮಟ್ಟಿಗೆ ಹಾಗೇ ಇದೆ. ಅಡ್ಡಲಾಗಿ ಒಂದು ಐ ಬೀಮ್ ಆಕ್ಸಲ್, ಅದರ ಎರಡು ತುದಿಗೆ ನೆಟ್ಟಗೆ ನಿಂತ ಕಿಂಗ್‌ಪಿನ್, ಅದರ ಸುತ್ತ ತಿರುಗುವ ಸ್ಟಬ್ ಆಕ್ಸಲ್. ಸ್ಟೇರಿಂಗ್ ಬಾಕ್ಸಿನಿಂದ ಇಳಿದ ಡ್ರಾಪ್ ಆರ್ಮ್ ಡ್ರ್ಯಾಗ್ ಲಿಂಕನ್ನು ತಳ್ಳುತ್ತದೆ, ಅದು ಒಂದು ಚಕ್ರವನ್ನು ತಿರುಗಿಸುತ್ತದೆ, ಟೈ ರಾಡ್ ಆ ತಿರುವನ್ನು ಇನ್ನೊಂದು ಚಕ್ರಕ್ಕೆ ಮುಟ್ಟಿಸುತ್ತದೆ. ಈ ಸರಪಳಿಯ ಒಂದೊಂದು ಕೀಲಿನಲ್ಲೂ ಸವೆತ ಕೂತಿರಬಹುದು.

ಪಳಗಿದ ಮಿಸ್ತ್ರಿ ಮೊದಲು ನೋಡುವುದು ಟೈರನ್ನು, ಅದೂ ಕಣ್ಣಿಗಿಂತ ಹೆಚ್ಚಾಗಿ ಅಂಗೈಯಿಂದ. ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ಕಡೆಗೆ ನುಣುಪು, ಎದುರು ಕಡೆಗೆ ಗರಗಸದಂತೆ ಚುಚ್ಚಿದರೆ ಟೋ, ಅಂದರೆ ಮುಂದಿನ ಎರಡು ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದೆ. ಒಂದೇ ಅಂಚು ಸವೆದಿದ್ದರೆ ಕಿಂಗ್‌ಪಿನ್ ಸಡಿಲವಾಗಿರಬಹುದು, ಇಲ್ಲವೇ ಆಕ್ಸಲ್ ಬಾಗಿರಬಹುದು. ಅಲ್ಲಲ್ಲಿ ಗುಳಿ ಬಿದ್ದಿದ್ದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಬಂದಿದೆ ಎಂದರ್ಥ. ಲಾರಿ ಎಷ್ಟೋ ದಿನಗಳಿಂದ ಹೇಗೆ ಓಡಿದೆ ಎಂಬುದರ ಗುರುತು ಟೈರಿನಲ್ಲಿ ಉಳಿದಿರುತ್ತದೆ. ಅದನ್ನು ನೋಡದೆ ಜಾಕ್ ಹಚ್ಚುವ ಕೆಲಸಗಾರನನ್ನು ನಾನಂತೂ ನಂಬುವುದಿಲ್ಲ.

ಆಮೇಲೆ ಆಕ್ಸಲ್ ಕೆಳಗೆ ಜಾಕ್. ಚಕ್ರ ನೆಲ ಬಿಟ್ಟ ಮೇಲೆ ಮಿಸ್ತ್ರಿ ಟೈರಿನ ಮೇಲ್ತುದಿಗೆ ಒಂದು ಕೈ, ಕೆಳತುದಿಗೆ ಒಂದು ಕೈ ಹಚ್ಚಿ ಒಳಗೂ ಹೊರಗೂ ಅಲ್ಲಾಡಿಸುತ್ತಾನೆ. ದೊಡ್ಡ ಟೈರಾದರೆ ಅಡಿಗೆ ಲಿವರ್ ಕೊಟ್ಟು ಮೀಟುತ್ತಾನೆ. ಟಕ್ ಎಂದರೆ ಪ್ಲೇ, ಅಂದರೆ ಸಡಿಲ, ಇದೆ. ಆದರೆ ಅದು ಹಬ್ ಬೇರಿಂಗಿನದೋ ಕಿಂಗ್‌ಪಿನ್ನಿನದೋ? ಕ್ಯಾಬಿನ್ನಿನಲ್ಲಿ ಕೂತ ಹುಡುಗನಿಗೆ “ಬ್ರೇಕ್ ತುಳಿಯೋ ತಮ್ಮಾ” ಎಂದು ಕೂಗಿ ಮತ್ತೆ ಅಲ್ಲಾಡಿಸುತ್ತಾನೆ. ಬ್ರೇಕ್ ಹಿಡಿದಾಗ ಡ್ರಮ್ಮು ಸ್ಟಬ್ ಆಕ್ಸಲ್‌ಗೆ ಕಚ್ಚಿಕೊಳ್ಳುತ್ತದೆ, ಬೇರಿಂಗಿನ ಸಡಿಲ ಅಡಗುತ್ತದೆ. ಈಗಲೂ ಟಕ್ ಎಂದರೆ ತಪ್ಪು ಕಿಂಗ್‌ಪಿನ್ನಿನದೇ. ಸದ್ದು ನಿಂತರೆ ಬೇರಿಂಗ್ ಟೈಟ್ ಮಾಡಿದರೆ ಸಾಕಾಗಬಹುದು. ಅರ್ಧ ನಿಮಿಷದ ಈ ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಇದನ್ನು ಮಾಡದೆ ಕಿಂಗ್‌ಪಿನ್ ಸೆಟ್ ತರಿಸಿದರೆ ಎರಡು ದಿನ ಗಾಡಿ ನಿಲ್ಲುತ್ತದೆ, ಸದ್ದು ಹಾಗೇ ಉಳಿಯುತ್ತದೆ.

ಸ್ಟೇರಿಂಗ್ ಪ್ಲೇ ಹುಡುಕುವಾಗ ಜಾಕ್ ಇಳಿಸಲೇಬೇಕು. ಚಕ್ರದ ಮೇಲೆ ಭಾರ ಇದ್ದರಷ್ಟೇ ಸಡಿಲ ಬಯಲಾಗುತ್ತದೆ. ಹುಡುಗ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರುತ್ತಾನೆ. ಮಿಸ್ತ್ರಿ ಗಾಡಿಯ ಅಡಿ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಬರುತ್ತಾನೆ: ಸ್ಟೇರಿಂಗ್ ಬಾಕ್ಸ್, ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಒಂದು ಜಾಯಿಂಟಿನ ಈಚೆ ಚಲನೆ ಇದ್ದು ಆಚೆ ಇಲ್ಲದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಕಣ್ಣಿಗೆ ಕಾಣದಷ್ಟು ಸಡಿಲವೂ ಬೆರಳಿಗೆ ತಾಗುತ್ತದೆ.

ಎಷ್ಟು ಪ್ಲೇ ಇರಬಹುದು ಎಂಬುದಕ್ಕೆ ಕಾನೂನಿನ ಗೆರೆಯೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗ್‌ನಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ ಇರುವಂತಿಲ್ಲ. ಬಾಲ್ ಜಾಯಿಂಟುಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟು ಪಿನ್ನುಗಳು ಲಾಕ್ ಆಗಿರಬೇಕು. 30 ಡಿಗ್ರಿ ಎಂದರೆ ಸುತ್ತಿನ ಹನ್ನೆರಡನೆಯ ಒಂದು ಪಾಲು, ಅದು ಕೊನೆಯ ಮಿತಿ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪರೀಕ್ಷೆ, ಅಂದರೆ ಎಫ್‌ಸಿ ಆಗಬೇಕು. ಎಫ್‌ಸಿ ಹತ್ತಿರ ಬಂದಾಗ ಮಾತ್ರ ಮುಂಭಾಗ ನೆನಪಾಗುವ ಮಾಲೀಕರು ಹೆಚ್ಚು ಎಂಬುದು ಬೇಸರದ ಸಂಗತಿ.

ಪ್ಲೇ ಕಡಿಮೆ ಮಾಡಲು ಸ್ಟೇರಿಂಗ್ ಬಾಕ್ಸಿನ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿ ಮಾಡುವ ಚಾಳಿ ಎಲ್ಲೆಡೆ ಇದೆ. ಇದು ಕೆಟ್ಟ ಚಾಳಿ. ಲಾರಿ ಹೆಚ್ಚು ಹೊತ್ತು ಓಡುವುದು ನೇರ ರಸ್ತೆಯಲ್ಲಿ, ಆದ್ದರಿಂದ ಬಾಕ್ಸಿನ ಒಳಗೆ ಸವೆಯುವುದು ನಡುಭಾಗ. ನಡುವಿನ ಸಡಿಲ ಹೋಗುವಷ್ಟು ಸ್ಕ್ರೂ ತಿರುಗಿಸಿದರೆ ಸವೆಯದ ಆಚೀಚಿನ ಭಾಗ ಹಿಡಿದುಕೊಳ್ಳುತ್ತದೆ. ಘಟ್ಟದ ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ವಾಪಸ್ ಬರುವುದೇ ಇಲ್ಲ. ಅರಬೈಲ್ ಘಟ್ಟ ಇಳಿಯುವ ಡ್ರೈವರ್‌ಗೆ ಅದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಸ್ಟೇರಿಂಗ್ ಭಾರವಾದರೂ ಬಾಕ್ಸೇ ಕಾರಣ ಎಂದು ತೀರ್ಮಾನಿಸುವಂತಿಲ್ಲ. ಮುಂಭಾಗ ಎತ್ತಿ, ಡ್ರ್ಯಾಗ್ ಲಿಂಕ್ ಕಳಚಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ನೋಡಬೇಕು. ಚಕ್ರ ಹಗುರ ತಿರುಗಿದರೆ ತೊಂದರೆ ಮೇಲಿದೆ. ಚಕ್ರವೇ ಭಾರವಾಗಿದ್ದರೆ ಕಿಂಗ್‌ಪಿನ್ ಗ್ರೀಸಿಲ್ಲದೆ ಒಣಗಿದೆ. ಗ್ರೀಸ್ ಹೊಡೆಸಿಯೂ ಹೀಗಾಗುವುದಕ್ಕೆ ಕಾರಣ ಹೊಡೆಯುವ ರೀತಿ. ಮುಂಭಾಗದ ಭಾರವೆಲ್ಲ ಕಿಂಗ್‌ಪಿನ್ನಿನ ಥ್ರಸ್ಟ್ ಬೇರಿಂಗಿನ ಮೇಲೆ ಕೂತಿದ್ದಾಗ ಅಲ್ಲಿಗೆ ಗ್ರೀಸ್ ಇಳಿಯದು. ಆಕ್ಸಲ್ ಎತ್ತಿ, ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಬೇಕು.

ಎಡಕ್ಕೋ ಬಲಕ್ಕೋ ಎಳೆಯುವ ಗಾಡಿಯದು ಬೇರೆ ಕಥೆ. ಮೊದಲು ಎರಡೂ ಟೈರಿನ ಗಾಳಿ, ಆಮೇಲೆ ಓಡಿ ಬಂದ ತಕ್ಷಣ ಹಬ್ಬಿನ ಬಿಸಿ. ಒಂದು ಹಬ್ ಮಾತ್ರ ಸುಡುತ್ತಿದ್ದರೆ ಆ ಕಡೆ ಬ್ರೇಕ್ ಬಿಡುತ್ತಿಲ್ಲ. ಇವೆರಡೂ ಸರಿಯಿದ್ದರೆ ಮುಂದಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಎರಡೂ ಬದಿ ಟೇಪು ಹಿಡಿಯುತ್ತಾರೆ. ಅಳತೆ ಬೇರೆಯಾದರೆ ಪಾಟಾದ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಹಿಂದಕ್ಕೆ ಸರಿದಿರಬಹುದು. ಬ್ರೇಕ್ ಹಾಕಿದಾಗಷ್ಟೇ ಎಳೆದರೂ ತಪ್ಪು ಬ್ರೇಕಿನದೇ ಆಗಿರಬೇಕಿಲ್ಲ. ಕುಸಿದ ಪಾಟಾದ ಮೇಲೆ ಆಕ್ಸಲ್ ಹೊರಳಿ ಡ್ರ್ಯಾಗ್ ಲಿಂಕನ್ನು ತಾನೇ ಎಳೆಯುತ್ತಿರಬಹುದು.

ಈ ಭಾಗದ ಹಿರಿಯ ಮಿಸ್ತ್ರಿಗಳು ಪಳಗಿದ್ದು ಬಹುಮಟ್ಟಿಗೆ ಅದಿರಿನ ಕಾಲದಲ್ಲಿ. 2000ದ ದಶಕದಲ್ಲಿ ಸಂಡೂರು, ಹೊಸಪೇಟೆ ಕಡೆಯಿಂದ ಮಿತಿಮೀರಿ ಅದಿರು ತುಂಬಿದ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲೆ ಬಳಿಯ ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಇಳಿದವು. ರಸ್ತೆ ಕಿತ್ತುಹೋಯಿತು, ಪಾಟಾಗಳು ಮುರಿದವು, ಆಕ್ಸಲ್‌ಗಳು ಬಾಗಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಲಾರಿಗಳಲ್ಲಿ ಎಷ್ಟೋ ಕಬ್ಬಿಗೆ, ಇಟ್ಟಿಗೆಗೆ, ಜಲ್ಲಿಗೆ ಇಳಿದವು. ಬಾಗಿದ ಆಕ್ಸಲನ್ನು ಗ್ಯಾಸಿನಿಂದ ಕಾಯಿಸಿ ನೆಟ್ಟಗೆ ಮಾಡುವ ಅಪಾಯದ ರೂಢಿ ಇನ್ನೂ ಅಲ್ಲಲ್ಲಿ ಉಳಿದಿದೆ. ಬೆಂಕಿ ತಾಗಿದ ಜಾಗದಲ್ಲಿ ಉಕ್ಕಿನ ಹದ ಹೋಗುತ್ತದೆ. ಡ್ರಾಪ್ ಆರ್ಮ್, ಟೈ ರಾಡುಗಳಿಗೆ ವೆಲ್ಡಿಂಗ್ ಹಾಕುವುದೂ ಅಷ್ಟೇ ತಪ್ಪು. ಅವು ತುಂಡಾದರೆ ಡ್ರೈವರ್ ಕೈಯಲ್ಲಿ ಸ್ಟೇರಿಂಗ್ ಇದ್ದೂ ಇಲ್ಲದಂತೆ.

ಕಿಂಗ್‌ಪಿನ್ ಬದಲಿಸುವ ಕೆಲಸದಲ್ಲಿ ಕೈಯ ಕಸುಬು ಎದ್ದು ಕಾಣುತ್ತದೆ. ಹೊಸ ಬುಷ್ ಕೂರಿಸುವಾಗ ಗ್ರೀಸಿನ ತೂತು ತೂತಿಗೆ ಸರಿಹೊಂದಬೇಕು. ಮೇಲಿನ ಬುಷ್ಷೂ ಕೆಳಗಿನದೂ ಒಂದೇ ಸಾಲಿಗೆ ಬರುವಂತೆ ಉದ್ದ ರೀಮರ್ ಹಾಕಿ ನಿಧಾನ ತಿರುಗಿಸಬೇಕು. ಒಂದೆರಡು ಸುತ್ತು, ಒರೆಸುವುದು, ಪಿನ್ ಹಾಕಿ ನೋಡುವುದು, ಮತ್ತೆ ಒಂದು ಸುತ್ತು. ಎಣ್ಣೆ ಸವರಿದ ಪಿನ್ ಹೆಬ್ಬೆರಳಿನ ಒತ್ತಿಗೆ ಇಳಿಯಬೇಕು. ಸುತ್ತಿಗೆ ಬೇಕಾಯಿತೆಂದರೆ ಬಿಗಿ ಹೆಚ್ಚಾಯಿತು, ತಾನಾಗಿ ಜಾರಿದರೆ ಬುಷ್ ಹಾಳಾಯಿತು. ಬಾಲ್ ಜಾಯಿಂಟಿನ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕುವಾಗ ತೂತು ಎದುರಾಗದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ತೂತು ಹೊಂದಿಸಬೇಕೇ ಹೊರತು ಸಡಿಲಿಸಬಾರದು.

ಎಲ್ಲ ಮುಗಿದ ಮೇಲೆ ಟೋ ಅಳತೆ, ರಸ್ತೆಯಲ್ಲಿ ಒಂದು ಓಟ. ಪಾಟಾ ಕೆಲಸವೂ ಆಗಿದ್ದರೆ ಲೋಡು ಹೊತ್ತು ಸ್ವಲ್ಪ ಓಡಿದ ಬಳಿಕ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಬೇಕು, ಇಲ್ಲದಿದ್ದರೆ ಹೊಸ ಸೆಂಟರ್ ಬೋಲ್ಟೂ ತುಂಡಾಗುತ್ತದೆ. ಇದಕ್ಕೆ ತಗಲುವುದು ಹತ್ತು ನಿಮಿಷ. ಒಳ್ಳೆಯ ಮಿಸ್ತ್ರಿ ಗಾಡಿ ಹೊರಡುವಾಗ ಡ್ರೈವರ್‌ಗೆ ಇದನ್ನು ಎರಡು ಸಲ ಹೇಳುತ್ತಾನೆ, ಮಾಲೀಕನಿಗೂ ಫೋನ್ ಮಾಡಿ ಹೇಳುತ್ತಾನೆ.